ಆರಕ್ಕೂ ಏಳಕ್ಕೂ ನಡುವೆ

ಒಂದನೆಯ ತಂಗುಮನೆ
ನವೆಂಬರ್ ೩

ರೀ,

ಕ್ಷೇಮ ಎಂದು ಬರೆಯಲು ಹೊರಟೆ, ನನಗೇ ನಗು ಬಂತು. ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾಗಿದ್ದೇನೆ. ಬೆಳಿಗ್ಗೆ ಏಳಕ್ಕೆ ಹೊರಟವಳು ಸಂಜೆ ನಾಲ್ಕಕ್ಕೆ ಇಲ್ಲಿ ಮುಟ್ಟಿದೆ. ಛತ್ರಿ ಮೊದಲ ತಾಸಿನಲ್ಲೇ ಗಾಳಿಗೆ ಮಗುಚಿಕೊಂಡು ಮುರಿಯಿತು. ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಊರ ರೋಗಿಗಳ ಹಾಸಿಗೆ ಬಟ್ಟೆ ಒಣಗಿಸಿದವಳಿಗೆ ಇಲ್ಲಿ ತನ್ನದೇ ಒಂದು ಜೊತೆ ಕಾಲುಚೀಲ ಒಣಗಿಸಲಾಗುತ್ತಿಲ್ಲ. ಒಲೆಯ ಮುಂದೆ ಇಪ್ಪತ್ತು ಜನರ ಕಾಲುಚೀಲಗಳಿವೆ. ನಾತ ಕೇಳಬೇಡಿ.

ಫೋನು ಹೊಳೆ ದಾಟುವಾಗ ನೀರು ಕುಡಿದು ಸತ್ತಿತು. ಬದುಕಿದ್ದರೂ ಈ ಬೆಟ್ಟದಲ್ಲಿ ಸಿಗ್ನಲ್ ಇಲ್ಲವಂತೆ. ಟಪಾಲಿನ ಜೀಪು ವಾರಕ್ಕೆ ಎರಡು ಸಲ ಎಲ್ಲ ತಂಗುಮನೆಗಳಿಗೂ ಬರುತ್ತದೆ. ನಾನು ಎಲ್ಲಿಗೆ ಮುಟ್ಟಿರಬಹುದೆಂದು ಅಂದಾಜು ಮಾಡಿ ಮುಂದಿನ ಮನೆಗೆ ಬರೆಯಿರಿ, ಸಿಗುತ್ತದೆ.

ನಮ್ಮ ಬಾಯಿಬಡುಕಿ ಮಗಳು ಮೆಣಸು ಹೋದ ವರ್ಷ ಇದೇ ವಾರ ಇದೇ ಬಾಗಿಲಲ್ಲಿ ನಿಂತು ಹೆಸರು ಬರೆಸಿದ್ದಾಳೆ. ಹಳೆಯ ಪುಸ್ತಕ ತೆಗೆಸಿ ನೋಡಿದೆ. ಅಕ್ಷರ ಅವಳದಲ್ಲ. ಇಲ್ಲಿ ನಮ್ಮ ಕೈಗೆ ಪೆನ್ನು ಕೊಡುವುದಿಲ್ಲ. ಬಂದವರ ಬೆರಳು ಮರಗಟ್ಟಿರುತ್ತದೆ, ತೋಳಿನಿಂದ ನೀರು ಸೋರಿ ಪುಟ ಹಾಳಾಗುತ್ತದೆ ಎಂದು ತಂಗುಮನೆಯವರೇ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ಹೀಗೆ ಇಪ್ಪತ್ತೆರಡು ಮನೆಗಳಲ್ಲೂ ಹೆಸರು ಬಿದ್ದರೆ ಕೊನೆಯ ಸನ್ನಿಧಿಯಲ್ಲಿ ಯಾತ್ರೆ ಮುಗಿಸಿದ ಪತ್ರ ಕೊಡುತ್ತಾರೆ. ಹೋದ ಡಿಸೆಂಬರಿನಲ್ಲಿ ನಮ್ಮ ಮನೆಗೆ ಬಂದದ್ದು ಅದೇ. ಪತ್ರ ಬಂತು, ಮಗಳು ಬರಲಿಲ್ಲ.

ನೀವು ಬೇಡ ಬೇಡ ಎಂದಿರಿ. ಪೊಲೀಸರು ಹೇಳಿದ್ದನ್ನೇ ಗಿಳಿಪಾಠ ಒಪ್ಪಿಸಿದಿರಿ: ಯಾತ್ರೆ ಮುಗಿಸಿದ್ದಾಳೆ, ಇಪ್ಪತ್ತಾರು ವರ್ಷದವಳು, ಎಲ್ಲಿ ಬೇಕಾದರೂ ಇರಬಹುದು. ನನಗೆ ಅಷ್ಟು ಸಾಲದು. ಗಂಡನ ಮನೆ ಬಿಟ್ಟು ಬಂದವಳಿಗೆ ಹಿಂದಕ್ಕೆ ಹೋಗು ಎಂದವಳು ನಾನು. ನಿನಗೆ ಬುದ್ಧಿ ಬರಬೇಕಾದರೆ ಆ ಯಾತ್ರೆಯನ್ನಾದರೂ ನಡೆದು ಬಾ ಎಂದವಳೂ ನಾನೇ. ಕೊನೆಯ ಬಾಗಿಲಿನಿಂದ ಅವಳು ಎತ್ತ ತಿರುಗಿದಳು ಎಂದು ನನಗೆ ಗೊತ್ತಾಗಬೇಕು. ಸಿಕ್ಕಿದರೆ ಕಾಲು ಹಿಡಿದಾದರೂ ಕರೆದುಕೊಂಡು ಬರುತ್ತೇನೆ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಲಿಫ್ಟಿನ ಎಣ್ಣೆ ಅಲ್ಲ.

ನಿಮ್ಮ ಮನೆಯವಳು

*

ಮನೆ
ನವೆಂಬರ್ ೭

ಇವಳೇ,

ನಿನ್ನ ಕಾಗದ ಬಂತು. ಅರ್ಧ ಅಕ್ಷರ ಮಳೆಯೇ ಓದಿಬಿಟ್ಟಿದೆ, ಉಳಿದರ್ಧ ನಾನು ಓದಿದೆ.

ಇದನ್ನು ಕಟ್ಟಡದ ಮೇಲಿನ ಯಂತ್ರದ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಎರಡನೆಯ ಲಿಫ್ಟು ಆರನೆಯ ಮಹಡಿಯಲ್ಲಿ ಒಂದು ಗೇಣು ಕೆಳಗೆ ನಿಲ್ಲುತ್ತಿದೆ, ಜನ ಎಡವುತ್ತಿದ್ದಾರೆ, ಬೈಗುಳವೆಲ್ಲ ನನಗೆ. ಹದಿನಾಲ್ಕು ಮಹಡಿಗೆ ಊರನ್ನೆಲ್ಲ ಹತ್ತಿಸುವವನು ಮನೆಯ ಮೂರು ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಾನೆ ಎಂದು ನೀನು ಆಡಿಕೊಳ್ಳುತ್ತಿದ್ದೆ. ಈಗ ಆಡಿಕೊಳ್ಳುವವರೂ ಇಲ್ಲ. ಮನೆ ಬಿಕೋ ಎನ್ನುತ್ತಿದೆ.

ಒಂದು ಮಾತು, ಸಿಟ್ಟಾಗಬೇಡ. ಹಿಂದಕ್ಕೆ ಬಾ. ಐವತ್ತೆಂಟರ ವಯಸ್ಸಿನಲ್ಲಿ ಈ ಚಳಿಯಲ್ಲಿ, ಈ ಮಳೆಯಲ್ಲಿ ಯಾರೂ ಮೆಚ್ಚುವ ಕೆಲಸವಲ್ಲ ಇದು. ಅವಳು ಎಲ್ಲೋ ಇದ್ದಾಳೆ. ಇದ್ದಲ್ಲಿ ಸುಖವಾಗಿರಲಿ. ಬರಬೇಕೆನಿಸಿದ ದಿನ ಬರುತ್ತಾಳೆ. ನೀನು ಕೊನೆಯವರೆಗೆ ಹೋಗಿ ಏನನ್ನೋ ಕೇಳಿ, ಯಾರೋ ಏನನ್ನೋ ಹೇಳಿ, ಅದನ್ನು ಹೊತ್ತುಕೊಂಡು ನೀನು ಮನೆಗೆ ಬರುವುದು ನನಗೆ ಬೇಡ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು?

ಊಟ ಹೊತ್ತು ಹೊತ್ತಿಗೆ ಸರಿಯಾಗಿ ಆಗುತ್ತಿದೆ. ಪಾತ್ರೆಯೂ ತೊಳೆದಿಡುತ್ತಿದ್ದೇನೆ.

ನಿನ್ನವನು

*

ಆರನೆಯ ತಂಗುಮನೆ
ನವೆಂಬರ್ ೧೧

ರೀ,

ಪಾತ್ರೆ ತೊಳೆದಿಡುತ್ತಿದ್ದೀರಂತೆ! ಮಳೆ ಬರುವುದು ಸುಮ್ಮನೆ ಅಲ್ಲ.

ಗಾದೆ ಹೇಳಿ ನನ್ನ ಬಾಯಿ ಮುಚ್ಚಿಸಬೇಡಿ. ನಾನು ಹಿಂದಕ್ಕೆ ಬರುವವಳಲ್ಲ, ಅದರಲ್ಲೂ ಇವತ್ತು ಅಂತೂ ಇಲ್ಲವೇ ಇಲ್ಲ. ಅವಳನ್ನು ನೋಡಿದವರು ಸಿಕ್ಕಿದ್ದಾರೆ.

ಇಲ್ಲಿಯ ತಂಗುಮನೆಯವನು ಎಪ್ಪತ್ತು ದಾಟಿದ ಮುದುಕ. ಮೈಮೇಲಿನ ಕಂಬಳಿ ಎಂದೂ ತೆಗೆಯುವುದಿಲ್ಲವೆಂದು ಎಲ್ಲರೂ ಕಂಬಳಿ ತಾತ ಎನ್ನುತ್ತಾರೆ. ಮೆಣಸಿನ ಫೋಟೋ ತೋರಿಸಿದೆ. “ಅಯ್ಯೋ, ಈ ಹುಡುಗೀನಾ! ಮರೆಯೋದುಂಟಾ ತಾಯಿ? ನನ್ನ ಕನ್ನಡಕದ ಕಡ್ಡಿ ಕಿತ್ಹೋಗಿತ್ತು. ಪಿನ್ನು ತಗೊಂಡು ಎರಡು ನಿಮಿಷದಲ್ಲಿ ಕೂರಿಸಿಬಿಟ್ಲು. ‘ತಾತ, ಈ ಗ್ಲಾಸು ನಿಮ್ಮ ಕಣ್ಣಿಗಲ್ಲ, ನಿಮ್ಮ ಅಜ್ಜನ ಕಣ್ಣಿಗೆ ಮಾಡ್ಸಿದ್ದು’ ಅಂತ ನನ್ನೇ ರೇಗಿಸಿದ್ಲು” ಎಂದ. ಐದು ವರ್ಷ ಕನ್ನಡಕದ ಅಂಗಡಿಯಲ್ಲಿ ಗಾಜು ತೀಡಿದವಳಲ್ಲವೇ? ಆ ಮಾತು ಅವಳದೇ. ನಾನು ನಕ್ಕೆ, ನಗುತ್ತಲೇ ಅತ್ತೆ. ಮುದುಕ ಗಾಬರಿಯಾಗಿ ಇನ್ನೊಂದು ಲೋಟ ಟೀ ತಂದುಕೊಟ್ಟ.

ಅವಳಿಗೆ ಕೆಮ್ಮು ಜೋರಾಗಿತ್ತಂತೆ. ಇನ್ನೊಂದು ದಿನ ಇದ್ದು ಹೋಗು ಎಂದನಂತೆ. “‘ಕೂತ್ರೆ ಯೋಚನೆ ಬರತ್ತೆ ತಾತ, ನಡೀತಿದ್ರೆ ಬರಲ್ಲ’ ಅಂದ್ಲು. ಬೆಳಿಗ್ಗೆ ನಾಲ್ಕೈದು ಜನ ಹೊರಟರಲ್ಲ, ಅವರ ಹಿಂದೆ ಹೋದ್ಲು” ಎಂದ.

ನಾಳೆ ಏಳನೆಯ ಮನೆಗೆ. ಇಡೀ ದಾರಿಯಲ್ಲಿ ಅತಿ ಕೆಟ್ಟ ತುಂಡು ಅದೇ ಎನ್ನುತ್ತಾರೆ. ಬರೀ ಬೋಳು ಗುಡ್ಡ, ಕಾಲಡಿ ಕೆಸರು, ಎದುರುಗಾಳಿ. ನನ್ನ ಎಡಗಾಲಿನ ಎರಡು ಉಗುರು ಕಪ್ಪಾಗಿವೆ. ಆದರೂ ಇವತ್ತು ನನಗೆ ಅದೆಲ್ಲ ಲೆಕ್ಕಕ್ಕಿಲ್ಲ. ಒಂದು ವರ್ಷದ ಮೇಲೆ ಅವಳ ಮಾತು ಕೇಳಿದ ಹಾಗಾಗಿದೆ.

ನಿಮ್ಮವಳು

*

ಒಂಬತ್ತನೆಯ ತಂಗುಮನೆ
ನವೆಂಬರ್ ೧೫

ರೀ,

ಮುಟ್ಟಿದ್ದೇನೆ. ಏಳು, ಎಂಟು, ಒಂಬತ್ತು, ಮೂರರಲ್ಲೂ ಅವಳ ಹೆಸರಿದೆ. ಏಳನೆಯ ಮನೆಯವನು ಜ್ವರ ಬಂದು ಮುಸುಕೆಳೆದು ಮಲಗಿದ್ದ. ಮಾತಾಡಿಸಲಾಗಲಿಲ್ಲ, ಪುಸ್ತಕ ಮಾತ್ರ ನೋಡಿದೆ. ಎಂಟರವನಿಗೂ ಒಂಬತ್ತರವಳಿಗೂ ಫೋಟೋ ನೋಡಿದರೆ ನೆನಪೇ ಬರಲಿಲ್ಲ. ಅಷ್ಟು ಮಾತಾಡುವವಳನ್ನು ಮರೆಯುವುದು ಹೇಗೋ ಕಾಣೆ. ಮುಖ ಗಂಟಿಕ್ಕಿಕೊಂಡು ಕುಳಿತಿದ್ದಳೋ ಏನೋ. ಕುಳಿತರೆ ಹೇಗಿರುತ್ತಾಳೆ ಎಂದು ನಮಗೆ ಗೊತ್ತಲ್ಲ.

ಬೇರೆ ಏನೂ ವಿಶೇಷವಿಲ್ಲ. ಚಳಿ ಇದೆ. ಆಲಿಕಲ್ಲು ಬಿತ್ತು.

ನಿಮ್ಮವಳು

*

ಮನೆ
ನವೆಂಬರ್ ೧೮

ಇವಳೇ,

ಇದು ಹದಿನಾಲ್ಕನೆಯ ಮನೆಯಲ್ಲಿ ನಿನಗೆ ಸಿಗುತ್ತದೆ ಎಂದುಕೊಂಡಿದ್ದೇನೆ.

ನಿನ್ನ ಒಂಬತ್ತನೆಯ ಮನೆಯ ಕಾಗದ ಹತ್ತು ಸಲ ಓದಿದೆ. ಓದಲು ಅದರಲ್ಲಿ ಹತ್ತು ಸಾಲೂ ಇಲ್ಲ. ಮೂವತ್ತು ವರ್ಷದಲ್ಲಿ ನೀನು ‘ಬೇರೆ ಏನೂ ವಿಶೇಷವಿಲ್ಲ’ ಎಂದದ್ದನ್ನು ನಾನು ಕೇಳಿಲ್ಲ. ನಿನಗೆ ಏನೋ ಗೊತ್ತಾಗಿದೆ. ನೀನು ಬೇರೆಯವರಿಂದ ಪೂರ್ತಿ ತಿಳಿಯುವ ಮೊದಲು ನಾನೇ ಹೇಳಿಬಿಡುತ್ತೇನೆ. ಇದನ್ನು ಬರೆಯಲು ಮೂರು ಹಾಳೆ ಹರಿದೆ.

ಹೋದ ಡಿಸೆಂಬರಿನಲ್ಲಿ ಆ ಪತ್ರ ಬಂದಾಗ ನೀನು ಕೆಲಸದಲ್ಲಿದ್ದೆ. ಅದು ಬಂದ ಕವರನ್ನು ನಿನಗೆ ತೋರಿಸಲಿಲ್ಲ. ಕಳೆದುಹೋಯಿತು ಎಂದೆ. ಸುಳ್ಳು. ಕವರಿನ ಮೇಲೆ ನಮ್ಮ ವಿಳಾಸ ಬರೆದ ಅಕ್ಷರ ಗಂಡಸಿನದು. ಹಿಂದೆ ಕಳಿಸಿದವನ ಹೆಸರು, ವಿಳಾಸ. ಯಾವುದೋ ಊರಿನ ಒಬ್ಬ ದರ್ಜಿ, ಹೊಲಿಗೆ ಅಂಗಡಿಯ ಮುದ್ರೆ ಬೇರೆ. ಒಳಗೆ ಅವಳ ಪತ್ರ ಬಿಟ್ಟರೆ ಒಂದು ಚೂರು ಕಾಗದವಿಲ್ಲ.

ಒಬ್ಬ ಗಂಡನನ್ನು ಬಿಟ್ಟು ಬಂದು ಮೂರು ತಿಂಗಳಾಗಿಲ್ಲ, ಆಗಲೇ ದಾರಿಯಲ್ಲಿ ಸಿಕ್ಕ ದರ್ಜಿಯ ಜೊತೆ ಹೋಗಿದ್ದಾಳೆ, ಮುಖ ತೋರಿಸಲಾರದೆ ಅವನ ಕೈಯಲ್ಲಿ ಪತ್ರ ಹಾಕಿಸಿದ್ದಾಳೆ ಎಂದುಕೊಂಡೆ. ಕವರನ್ನು ನನ್ನ ಪಾನಾ, ಸ್ಕ್ರೂಡ್ರೈವರಿನ ಪೆಟ್ಟಿಗೆಯ ತಳಕ್ಕೆ ತುರುಕಿದೆ. ನಾವು ಕೊಟ್ಟ ದೂರಿನ ಮೇಲೆ ಹೊರಠಾಣೆಯವರು ಆ ಸೋಮವಾರ ಬೆಟ್ಟಕ್ಕೆ ಹುಡುಕಲು ಜನ ಕಳಿಸುವವರಿದ್ದರು, ನೆನಪಿದೆಯಾ? ಅವರು ತಾವಾಗಿ ನಿಲ್ಲಿಸಿದ್ದಲ್ಲ. ನಾನೇ ಹೋಗಿ, ಪತ್ರ ತೋರಿಸಿ, ಮಗಳು ಯಾತ್ರೆ ಮುಗಿಸಿದ್ದಾಳೆ, ಹುಡುಕುವುದು ಬೇಡ ಎಂದು ದೂರು ಹಿಂದಕ್ಕೆ ತೆಗೆದುಕೊಂಡೆ. ನಾಲ್ಕು ಜನ ಪೊಲೀಸರು ಹೋಗಿ ದರ್ಜಿಯ ಮನೆಯಿಂದ ಅವಳನ್ನು ಎಳೆದುಕೊಂಡು ಬಂದರೆ ನಮ್ಮ ಮಾನ ಏನಾದೀತು ಎಂದು ಯೋಚಿಸಿದೆ.

ಆ ವಿಳಾಸಕ್ಕೆ ಒಂದು ಸಾಲು ಬರೆಯಲಿಲ್ಲ. ಬರೆಯಬೇಕೆಂದು ಎಷ್ಟೋ ಸಲ ಪೆನ್ನು ಹಿಡಿದೆ. ಅವಳು ಉತ್ತರ ಕೊಡದಿದ್ದರೆ ಎಂಬ ಹೆದರಿಕೆ. ನೀನು ಒಂದು ವರ್ಷ ಅಳುವುದನ್ನು ನೋಡಿಕೊಂಡು ಸುಮ್ಮನಿದ್ದೆ.

ಬೈಯುವುದನ್ನೆಲ್ಲ ಬೈದು ಬರೆ. ಆದರೆ ಬರೆ.

ನಿನ್ನವನು

*

ಹದಿನಾಲ್ಕನೆಯ ತಂಗುಮನೆ
ನವೆಂಬರ್ ೨೩

ರೀ,

ನೀವು ಎದುರಿಗಿದ್ದಿದ್ದರೆ ನನ್ನ ಇಸ್ತ್ರಿ ಪೆಟ್ಟಿಗೆ ನಿಮ್ಮ ತಲೆಯ ಮೇಲೆ ಇರುತ್ತಿತ್ತು. ಮನುಷ್ಯರಾ ನೀವು? ಒಂದು ವರ್ಷ! ಪ್ರತಿ ದಿನ ಬಾಗಿಲು ಸದ್ದಾದರೆ ಓಡುತ್ತಿದ್ದೆ. ಲಾಂಡ್ರಿಯಲ್ಲಿ ಹೆಂಗಸರ ಶವದ ಮೇಲಿನ ಬಟ್ಟೆ ಬಂದರೆ ಯಾರದೆಂದು ವಾರ್ಡಿಗೆ ಹೋಗಿ ಕೇಳಿ ಬರುತ್ತಿದ್ದೆ. ನೀವು ಎದುರಿಗೆ ಕುಳಿತು ಪೇಪರ್ ಓದುತ್ತಿದ್ದಿರಿ. ಅವಳ ವಿಳಾಸ ನಿಮ್ಮ ಪೆಟ್ಟಿಗೆಯಲ್ಲಿತ್ತು. ಮಾನವಂತೆ ಮಾನ. ಉಪ್ಪಿನಕಾಯಿ ಹಾಕಿಕೊಳ್ಳಿ ಆ ಮಾನವನ್ನು.

ಇಷ್ಟು ಬರೆದು ಹೊರಗೆ ಹೋಗಿ ಮಳೆಯಲ್ಲಿ ನಿಂತು ಬಂದೆ.

ಈಗ ನನ್ನದನ್ನೂ ಹೇಳುತ್ತೇನೆ. ಒಂದರಿಂದ ಆರರವರೆಗೆ ಪುಸ್ತಕದಲ್ಲಿ ಅವಳ ಹೆಸರು ಎಲ್ಲೆಲ್ಲೋ ಇದೆ, ಒಮ್ಮೆ ಯಾರೋ ಮುದುಕಿಯ ಕೆಳಗೆ, ಒಮ್ಮೆ ಯಾರೋ ಶಾಲೆಯವರ ನಡುವೆ. ಏಳನೆಯ ಮನೆಯಿಂದ ಆಚೆಗೆ ಮಾತ್ರ ಪ್ರತಿ ಪುಸ್ತಕದಲ್ಲೂ ಒಬ್ಬನೇ ಗಂಡಸಿನ ಹೆಸರು, ಅದರ ಕೆಳಗಿನ ಸಾಲಿನಲ್ಲೇ ಅವಳ ಹೆಸರು. ಕಸುಬು: ದರ್ಜಿ. ನನಗೂ ನಿಮಗೆ ಅನಿಸಿದ್ದೇ ಅನಿಸಿತು. ನೀವು ಕೂಗಾಡುತ್ತೀರಿ, ಅವಳನ್ನು ಮನೆಗೆ ಸೇರಿಸುವುದಿಲ್ಲ ಎನ್ನುತ್ತೀರಿ ಎಂದು ನಿಮಗೆ ಬರೆಯದೆ ಬಿಟ್ಟೆ. ನಾನು ನಿಮ್ಮಿಂದ ಮುಚ್ಚಿಟ್ಟೆ, ನೀವು ನನ್ನಿಂದ ಮುಚ್ಚಿಟ್ಟಿರಿ. ಮೂವತ್ತು ವರ್ಷದ ಸಂಸಾರ ನಮ್ಮದು, ಹೀಗಿದೆ ನೋಡಿ.

ಆದರೆ ರೀ, ಇದರ ಅರ್ಥ ಏನು ಹೇಳಿ? ಅವಳು ಇದ್ದಾಳೆ! ಒಂದು ಊರಿದೆ, ಒಂದು ಅಂಗಡಿಯಿದೆ, ಕದ ತಟ್ಟಲು ಒಂದು ಬಾಗಿಲಿದೆ. ದರ್ಜಿಯಾದರೇನು, ದೊರೆಯಾದರೇನು? ಅಷ್ಟು ಕೆಮ್ಮುವವಳನ್ನು ಈ ಚಳಿಯಲ್ಲಿ ಕೈಹಿಡಿದು ಕೊನೆ ಮುಟ್ಟಿಸಿದ್ದಾನೆ. ಅವನು ನನ್ನ ಪಾಲಿಗೆ ದೇವರು.

ಇವತ್ತೇ ಆ ವಿಳಾಸಕ್ಕೆ ಬರೆಯಿರಿ. ನಾನು ಕೊನೆ ಮುಟ್ಟಿ ನೇರ ಅಲ್ಲಿಗೇ ಹೋಗುತ್ತೇನೆ. ಇನ್ನು ಎಂಟು ಮನೆ. ಕಾಲು ನೋಯುವುದು ನಿಂತೇ ಹೋಗಿದೆ.

ನಿಮ್ಮ ಮೇಲೆ ಸಿಟ್ಟಿನಿಂದ,
ನಿಮ್ಮವಳು

*

ಹದಿನೈದನೆಯ ತಂಗುಮನೆ
ನವೆಂಬರ್ ೨೫

ರೀ,

ಮುಂದಕ್ಕೆ ಹೋಗುತ್ತಿಲ್ಲ. ನಾಳೆ ಬೆಳಿಗ್ಗೆ ಹಿಂದಕ್ಕೆ ಹೊರಡುತ್ತಿದ್ದೇನೆ, ಏಳನೆಯ ಮನೆಗೆ. ಅಲ್ಲಿಯವನನ್ನು ಒಂದು ಮಾತು ಕೇಳಬೇಕಾಗಿದೆ. ಆಮೇಲೆ ಬರೆಯುತ್ತೇನೆ. ಅಲ್ಲಿಯವರೆಗೆ ಏನೂ ಕೇಳಬೇಡಿ.

*

ಮನೆ
ನವೆಂಬರ್ ೩೦

ನನ್ನ ಮಹಾರಾಣಿಗೆ,

ಕೇಳಬೇಡ ಎಂದಿದ್ದೀಯೆ, ಕೇಳುವುದಿಲ್ಲ. ಆದರೆ ನನಗೆ ಗೊತ್ತಾಯಿತು! ಅವರು ಅಲ್ಲೇ ಇದ್ದಾರೆ, ಏಳನೆಯ ಮನೆಯ ಹತ್ತಿರವೇ ಎಲ್ಲೋ. ಇಲ್ಲದಿದ್ದರೆ ಏಳೇ ಮನೆ ಬಾಕಿ ಇರುವಾಗ ನೀನು ಹಿಂದಕ್ಕೆ ತಿರುಗುವ ಹೆಂಗಸೇ? ಹಿಡಿದದ್ದು ಬಿಡದ ಉಡ ನೀನು. ಯಾರೋ ನಿನಗೆ ಗುಟ್ಟು ಹೇಳಿದ್ದಾರೆ. ಬಾಯಿ ಬಿಟ್ಟರೆ ಕೈತಪ್ಪೀತೆಂದು ನೀನು ಬರೆಯುತ್ತಿಲ್ಲ.

ನಿನ್ನ ಹಿಂದಿನ ಕಾಗದ ಬಂದ ದಿನವೇ ದರ್ಜಿಗೆ ಬರೆದೆ. ಎರಡು ಪುಟ. ‘ಅಪ್ಪಾ, ನೀನು ಯಾರೋ ನನಗೆ ಗೊತ್ತಿಲ್ಲ. ನನ್ನ ಮಗಳನ್ನು ಚೆನ್ನಾಗಿ ನೋಡಿಕೊಂಡಿದ್ದರೆ ನನಗೆ ಅಷ್ಟೇ ಸಾಕು’ ಎಂದು ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಅವರು ಬೆಟ್ಟದಲ್ಲಿದ್ದರೆ ಉತ್ತರ ಹೇಗೆ ಬರುತ್ತದೆ ಹೇಳು.

ಭಾನುವಾರ ಅವಳ ಕೋಣೆ ತೆಗೆದೆ. ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ಸರಿ ಮಾಡಿದೆ. ಹಾಸಿಗೆ ಬಿಸಿಲಿಗೆ ಹಾಕಿದೆ. ಒಂದು ಮಂಚ ಇಬ್ಬರಿಗೆ ಸಾಲದು ಎಂದು ಮೇಲಿನ ಮನೆಯವರ ಹಳೆಯ ಮಂಚ ಕೇಳಿದ್ದೇನೆ. ಅವರು ಯಾರಿಗೆ ಎಂದರು. “ಮಗಳೂ ಅಳಿಯನೂ ಬರ್ತಿದ್ದಾರೆ” ಎಂದೆ. ಬಾಯಿಂದ ಹಾಗೇ ಬಂದುಬಿಟ್ಟಿತು. ಹೇಳಿದ ಮೇಲೆ ಎಷ್ಟು ಹಗುರಾಯಿತು ಗೊತ್ತಾ? ಇಷ್ಟು ಸುಲಭದ ಮಾತಿಗೆ ಒಂದು ವರ್ಷ ಸತ್ತೆನಲ್ಲ.

ನಾನು ಒಂದು ಮಾತೂ ಆಡುವುದಿಲ್ಲ ಎಂದು ಅವಳಿಗೆ ಹೇಳು. ಅಪ್ಪ ಬಾಗಿಲಲ್ಲಿ ನಿಂತಿರುತ್ತಾನೆ, ಅಷ್ಟೇ. ಅವಳು ಬೈದರೆ ಬೈಯಿಸಿಕೊಳ್ಳುತ್ತೇನೆ. ಆ ಬಾಯಿ ನಿನ್ನಿಂದಲೇ ಬಂದದ್ದು, ಅಭ್ಯಾಸವಿದೆ.

ಮೂವರೂ ಹುಷಾರಾಗಿ ಬನ್ನಿ.

ನಿನ್ನವನು

*

ಆರನೆಯ ತಂಗುಮನೆ
ಡಿಸೆಂಬರ್ ೫

ರೀ,

ನಿಮ್ಮ ಕಾಗದ ಏಳನೆಯ ಮನೆಯಲ್ಲಿ ಸಿಕ್ಕಿತು. ಅದನ್ನು ಓದಿದ ಮೇಲೆ ಎರಡು ದಿನ ಏನೂ ಬರೆಯಲಾಗಲಿಲ್ಲ. ಕುಳಿತುಕೊಂಡು ಓದಿ.

ಹದಿನೈದನೆಯ ಮನೆಯಲ್ಲಿ ನನ್ನ ಮುಂದೆ ಇಬ್ಬರು ಕಾಲೇಜಿನ ಹುಡುಗರು ಇದ್ದರು. ಒಬ್ಬನ ಕಾಲು ಉಳುಕಿ ಬಾತುಕೊಂಡಿತ್ತು, ಮುಂದೆ ನಡೆಯುವ ಹಾಗಿರಲಿಲ್ಲ. ಅವನು ಗೆಳೆಯನಿಗೆ “ನನ್ನ ಹೆಸರು ನೀನು ತಗೊಂಡು ಹೋಗೋ” ಎಂದ. ತಂಗುಮನೆಯವಳು ಏನೂ ಆಶ್ಚರ್ಯಪಡಲಿಲ್ಲ. ಏನಮ್ಮ ಇದು ಎಂದು ಕೇಳಿದೆ. “ಅರ್ಧಕ್ಕೆ ನಿಂತೋರ ಹೆಸರನ್ನ ಜೊತೆಯೋರು ಹೊತ್ಕೊಂಡು ಹೋಗ್ತಾರಮ್ಮ, ಪುಣ್ಯದ ಕೆಲಸ. ಮುಂದಿನ ಮನೆಗಳಲ್ಲಿ ಹೊತ್ತೋರ ಹೆಸರು ಬರೆದು ಕೆಳಗಿನ ಸಾಲಲ್ಲೇ ನಿಂತೋರದ್ದೂ ಬರಿಸ್ತಾರೆ. ಕೊನೇಲಿ ಪತ್ರ ಇಸ್ಕೊಂಡು ಅವರ ಮನೆಗೆ ಅಂಚೇಲಿ ಹಾಕ್ತಾರೆ. ಈ ದಾರೀಲಿ ಎಲ್ಲರಿಗೂ ಗೊತ್ತಿರೋದೇ. ನಿಮಗೆ ಯಾರೂ ಹೇಳ್ಲಿಲ್ವಾ?” ಎಂದಳು.

ಯಾರೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಹೇಳುತ್ತಾರೆ?

ನಿಮಗೆ ಆಗಲೇ ಬರೆಯಬೇಕಿತ್ತು. ಬರೆದರೆ ನಿಜವಾಗಿಬಿಡುತ್ತದೆ ಎಂದು ಬರೆಯಲಿಲ್ಲ. ನಿಮ್ಮ ಮಂಚಕ್ಕೆ ನಾನೇ ಕಾರಣ.

ಏಳರವನಿಗೆ ಈ ಸಲ ಜ್ವರವಿರಲಿಲ್ಲ. ಪುಸ್ತಕ ಎದುರಿಗಿಟ್ಟು ಕೇಳಿದೆ. ಆ ಎರಡು ಸಾಲಿನ ಮೇಲೆ ಬೆರಳಿಟ್ಟು ಹೇಳಿದ: “ಆ ದರ್ಜಿ ಒಬ್ಬನೇ ಬಂದ. ಆ ಹುಡುಗಿ ಅರ್ಧ ದಾರೀಲಿ ಜ್ವರ ಬಂದು ವಾಪಸ್ ಆರಕ್ಕೆ ಹೋದ್ಲು, ಹೆಸರು ನಂಗೆ ಕೊಟ್ಲು ಅಂದ. ನಾನೂ ಬರ್ಕೊಂಡೆ.” ನಾನು ಆರನೆಯ ಮನೆಗೆ ಬಂದೆ. ಕಂಬಳಿ ತಾತ ಹೇಳಿದ: “ವಾಪಸ್ ಬರ್ಲಿಲ್ವಲ್ಲ ತಾಯಿ. ಅವತ್ತು ಮಳೆ ಹಿಮಕ್ಕೆ ತಿರುಗಿತ್ತು. ನಾನು ಅವಳು ಏಳು ಮುಟ್ಟಿರ್ತಾಳೆ ಅಂದ್ಕೊಂಡೆ.” ಏಳರವನು ಅವಳು ಆರರಲ್ಲಿದ್ದಾಳೆ ಎಂದುಕೊಂಡ, ಆರರವನು ಏಳರಲ್ಲಿದ್ದಾಳೆ ಎಂದುಕೊಂಡ.

ಹಿಮ ಕರಗಿದ ಮೇಲೆ ಕುರಿ ಕಾಯುವವರಿಗೆ ದಾರಿಯಿಂದ ಕೂಗಳತೆಯಲ್ಲಿ, ಒಂದು ಬಂಡೆಯ ಮರೆಯಲ್ಲಿ ಸಿಕ್ಕಿತಂತೆ. ಹೆಂಗಸು ಎಂದಷ್ಟೇ ತಿಳಿಯುವ ಹಾಗಿತ್ತು. ಹೊರಠಾಣೆಯವರು ಬಂದು ನೋಡಿದರು. ಕಾಣೆಯಾದವರ ದೂರು ಒಂದೂ ಇರಲಿಲ್ಲ. ನಮ್ಮದನ್ನು ನೀವು ಹಿಂದಕ್ಕೆ ತೆಗೆದುಕೊಂಡಿದ್ದಿರಿ. ಅಪರಿಚಿತೆ ಎಂದು ಬರೆದುಕೊಂಡರು. ಕಂಬಳಿ ತಾತನೂ ಕುರಿಯವರೂ ಸೇರಿ ಈ ಮನೆಯ ಹಿಂದೆಯೇ ಮಣ್ಣು ಮಾಡಿದರು. ಹೋದ ತಿಂಗಳು ನಾನು ಇಲ್ಲಿ ಕುಳಿತು ನಿಮಗೆ ನಗುತ್ತಾ ಕಾಗದ ಬರೆದಾಗ ಅವಳು ಗೋಡೆಯ ಆಚೆಗಿದ್ದಳು.

ಅನುಮಾನಕ್ಕೆ ಜಾಗವಿಲ್ಲ. ಮೈಮೇಲಿದ್ದ ಸ್ವೆಟರನ್ನು ತಾತ ಒಂದು ಡಬ್ಬಿಯಲ್ಲಿ ಇಟ್ಟಿದ್ದ, ಯಾರಾದರೂ ಕೇಳಿಕೊಂಡು ಬಂದಾರು ಎಂದು. ಮಗಳ ಯಾತ್ರೆ ಮುಗಿಸಿದ ಪತ್ರ ಬಂದಿದೆ ಎಂದು ಹೋದ ತಿಂಗಳು ನಾನೇ ಅವನಿಗೆ ಹೇಳಿದ್ದೆ, ಹಾಗಾಗಿ ಇದು ಅವಳಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ನಮ್ಮ ಲಾಂಡ್ರಿಯಲ್ಲಿ ವಾರ್ಡು ವಾರ್ಡಿಗೆ ಬೇರೆ ಬೇರೆ ಗುರುತು ಹೊಲಿಯುವುದು ನಿಮಗೆ ಗೊತ್ತು. ಮನೆಯ ಬಟ್ಟೆಗೂ ಹೊಲಿಯುವುದು ನನಗೆ ಚಟ. ಕೊರಳ ಪಟ್ಟಿಯ ಒಳಗೆ ಕೆಂಪು ದಾರದಲ್ಲಿ ಎರಡು ಅಡ್ಡ ಗೀಟು, ಒಂದು ಉದ್ದ. ಅದು ನನ್ನ ಕೈ.

ಈ ಚಳಿಯಲ್ಲಿ ಜ್ವರ ಬಂದವರು ಹೊರಗೆ ಎರಡು ದಿನವೂ ಉಳಿಯುವುದಿಲ್ಲ ಎಂದು ತಾತ ಹೇಳುತ್ತಾನೆ. ಎಂದರೆ ನಿಮ್ಮ ಕವರು ಬರುವ ಹೊತ್ತಿಗೆ ಅವಳು ಹೋಗಿ ಮೂರು ವಾರ ದಾಟಿತ್ತು. ನೀವು ದೂರು ಹಿಂದಕ್ಕೆ ತೆಗೆದುಕೊಂಡದ್ದರಿಂದ ಅವಳು ಸಾಯಲಿಲ್ಲ. ನಿಮ್ಮನ್ನು ಸಮಾಧಾನ ಮಾಡಲು ಬರೆಯುತ್ತಿಲ್ಲ, ನಿಜವಾದ್ದರಿಂದ ಬರೆಯುತ್ತಿದ್ದೇನೆ. ಆದರೆ ಇಡೀ ಚಳಿಗಾಲ ಅವಳು ಹೊರಗೆ ಬಿದ್ದಿದ್ದಳು. ಅದೂ ನಿಜ.

ನನಗೆ ಸಹಿಸಲಾಗದಿರುವುದು ಇನ್ನೊಂದು. ನೀವು ಅಲ್ಲಿ ಕುಳಿತು, ನಾನು ಇಲ್ಲಿ ನಡೆದು, ಇಬ್ಬರೂ ಅವಳು ಓಡಿಹೋಗಿದ್ದಾಳೆ ಎಂದು ಎಷ್ಟು ಬೇಗ ಒಪ್ಪಿಕೊಂಡೆವು! ಒಬ್ಬ ಗಂಡಸಿನ ಹೆಸರು ಕಂಡದ್ದೇ ತಡ. ಹೆತ್ತವರು ನಾವು. ಅವಳಿಗೆ ಏನಾದರೂ ಆಗಿರಬಹುದೇ ಎಂಬ ಪ್ರಶ್ನೆ ಅಷ್ಟಕ್ಕೇ ನಿಂತುಹೋಯಿತಲ್ಲ ನಮ್ಮಿಬ್ಬರಲ್ಲೂ. ಬುದ್ಧಿ ಬರಲಿ ಎಂದು ನಡೆಯಲು ಕಳಿಸಿದೆ ನಾನು. ಯಾರಿಗೆ ಬಂತು ಬುದ್ಧಿ?

ಆ ದರ್ಜಿಯ ಉತ್ತರ ಬಂದರೆ ಅವನಿಗೆ ಏನೂ ಅನ್ನಬೇಡಿ. ಅವನು ಪುಣ್ಯದ ಕೆಲಸ ಮಾಡಿದೆ ಎಂದುಕೊಂಡಿದ್ದಾನೆ. ನಿಮ್ಮ ಎರಡು ಪುಟ ಓದಿ ಅವನಿಗೆ ಏನಾಗಿದೆಯೋ.

ಏಳನೆಯ ಮನೆಯಲ್ಲಿ ಇನ್ನೂ ಒಂದು ಕೆಲಸ ಮಾಡಿದೆ. ಪುಸ್ತಕದಿಂದ ಅವಳ ಹೆಸರು ಹೊಡೆದುಹಾಕು ಎಂದೆ. “ಕೊನೆ ಮುಟ್ಟಿದ ಹೆಸರನ್ನ ಹೊಡೆಯೋ ಹಾಗಿಲ್ಲಮ್ಮ” ಎಂದ. ಅವನ ಕೈಯಿಂದ ಪೆನ್ನು ಕಿತ್ತುಕೊಂಡು ನಾನೇ ಗೀಟೆಳೆದೆ. ಪುಟ ಹರಿಯಿತು. ಇಲ್ಲಿ ಕಂಬಳಿ ತಾತ ಒಂದು ಹಲಗೆ ಕೊಯ್ದು ಕೊಟ್ಟಿದ್ದಾನೆ. ಹೆಸರು ಬರೆಯಲು ಕೂತೆ, ಮೊದಲ ಅಕ್ಷರವೇ ಸೊಟ್ಟಗಾಯಿತು, ಒರೆಸಿಬಿಟ್ಟೆ. ನಿಮ್ಮ ಅಕ್ಷರ ದುಂಡಗಿದೆ, ನೀವು ಬರೆಯಬೇಕು.

ನಡೆಯುವವರನ್ನು ಜೀಪಿಗೆ ಹತ್ತಿಸುವುದಿಲ್ಲ, ಸತ್ತವರ ಮನೆಯವರನ್ನು ಹತ್ತಿಸುತ್ತಾರಂತೆ. ಕೇಳಿ ಇಟ್ಟಿದ್ದೇನೆ. ಮಂಗಳವಾರದ ಜೀಪಿಗೆ ಬನ್ನಿ. ದಪ್ಪ ಕಾಲುಚೀಲ ಎರಡು ಜೊತೆ ತನ್ನಿ, ಮಂಡಿಗೆ ಬಟ್ಟೆ ಸುತ್ತಿಕೊಳ್ಳಿ. ನಿಮ್ಮ ಮುಖ ನೋಡಬಾರದು ಎಂದು ನಿನ್ನೆಯೆಲ್ಲ ಅಂದುಕೊಂಡೆ. ಆದರೂ ಬನ್ನಿ. ನನಗೆ ಬೈಯಲು ಇನ್ನು ನೀವೊಬ್ಬರೇ ಉಳಿದಿರುವುದು.